ಹಸು ಸಾಕಿದವರು ಕುರಿ ಸಾಕುವ ಮುನ್ನ



ಸಂಘದ ಸಭೆಗಳಿಗೆ ಬಂದಾಗಲೆಲ್ಲ ಈಚೆಗೆ ನಿಮ್ಮಲ್ಲಿ ಯಾರಾದರೊಬ್ಬರು ಕೇಳುವ ಪ್ರಶ್ನೆ ಒಂದಿದೆ: "ಎರಡು ಸೀಮೆಹಸು ಇದ್ದಾವೆ, ಜೊತೆಗೆ ಹತ್ತು ಕುರಿ ಕಟ್ಟಿದರೆ ಹೇಗೆ ಸಾರ್?" ಧಾರಾಳವಾಗಿ ಕಟ್ಟಬಹುದು. ನಮ್ಮ ತುಮಕೂರು ಜಿಲ್ಲೆಗೆ ಕುರಿ ಹೊಸದಲ್ಲ. ಶಿರಾ, ಪಾವಗಡ, ಮಧುಗಿರಿ, ಚಿಕ್ಕನಾಯಕನಹಳ್ಳಿ ಕಡೆ ಕುರುಬರೂ ಕಾಡುಗೊಲ್ಲರೂ ತಲೆತಲಾಂತರದಿಂದ ಕುರಿ ಸಾಕಿಕೊಂಡು ಬಂದವರು. ಅವರಿಗೆ ನಾನು ಹೇಳಿಕೊಟ್ಟದ್ದು ಕಡಿಮೆ, ಅವರಿಂದ ಕಲಿತದ್ದೇ ಹೆಚ್ಚು. ಈ ಲೇಖನ ಅವರಿಗಾಗಿ ಬರೆದದ್ದಲ್ಲ. ಹಸು ಎಮ್ಮೆ ಸಾಕಿ ಕೈ ಪಳಗಿದ, ಕುರಿಯನ್ನು ಮಾತ್ರ ಇದುವರೆಗೆ ಪಕ್ಕದವರ ಹೊಲದಲ್ಲಿ ನೋಡಿದ ಸದಸ್ಯರಿಗಾಗಿ ಬರೆದದ್ದು.

ಹಸು ಸಾಕಿದ ಅನುಭವ ಕುರಿ ಸಾಕಾಣಿಕೆಯಲ್ಲಿ ಅರ್ಧ ಉಪಕಾರ ಮಾಡುತ್ತದೆ. ಹೊತ್ತಿಗೆ ಸರಿಯಾಗಿ ಮೇವು ನೀರು, ಲಸಿಕೆಯ ಶಿಸ್ತು, ಈಯುವ ಪ್ರಾಣಿಯ ಮೇಲೆ ಕಣ್ಣಿಡುವುದು, ಇವೆಲ್ಲ ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಉಳಿದರ್ಧದಲ್ಲಿ ಅದೇ ಅನುಭವ ದಾರಿ ತಪ್ಪಿಸುತ್ತದೆ. ಹೊಸಬರ ಕುರಿ ಸತ್ತಾಗ ನಾನು ಹೋಗಿ ನೋಡಿದರೆ, ಬಹಳ ಸಲ ಅಲ್ಲಿ ಅಲಕ್ಷ್ಯ ಇರುವುದಿಲ್ಲ. ಹಸುವಿಗೆ ಮಾಡುವ ಉಪಚಾರವನ್ನೇ ಕುರಿಗೂ ಪ್ರೀತಿಯಿಂದ ಮಾಡಿರುತ್ತಾರೆ.

ಒಂದು ಹಿಡಿ ಖನಿಜ ಮಿಶ್ರಣ

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಶಿರಾ ಕಡೆಯ ಒಬ್ಬ ಸದಸ್ಯರು ನಾಲ್ಕು ಮಿಶ್ರತಳಿ ಹಸುಗಳ ಜೊತೆಗೆ ಹದಿನಾಲ್ಕು ಕುರಿ ಕೊಂಡರು. ಬಹಳ ಅಚ್ಚುಕಟ್ಟಿನ ಮನುಷ್ಯ. ಹಸುಗಳಿಗೆ ಖನಿಜ ಮಿಶ್ರಣ ತಪ್ಪದೆ ಕೊಡುತ್ತಾರೆಂದು ನಾನೇ ಸಭೆಯಲ್ಲಿ ಅವರನ್ನು ಹೊಗಳಿದ್ದೆ. ನಾಲ್ಕು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಕರೆ ಬಂತು. ಚೆನ್ನಾಗಿ ಮೈ ತುಂಬಿದ್ದ ಒಂದು ಕುರಿ ಹಿಂದಿನ ದಿನದಿಂದ ಮೇವು ಬಿಟ್ಟಿತ್ತು. ಕಣ್ಣೊಳಗೆ ಹಳದಿ, ಗಂಜಲ ಕಾಫಿ ಡಿಕಾಕ್ಷನ್ನಿನಂತೆ. ಯಕೃತ್ತಿನ ಹುಳುವಿನ ಕಾಮಾಲೆ ಎಂದುಕೊಂಡು ಅದಕ್ಕೆ ಔಷಧಿ ಕುಡಿಸಿ ಬಂದೆ. ಮಧ್ಯಾಹ್ನಕ್ಕೆ ಸತ್ತಿತು. ಮೂರು ದಿನದಲ್ಲಿ ಇನ್ನೆರಡು.

ಮೂರನೆಯದನ್ನು ಕೊಯ್ದು ನೋಡಿದಾಗ ಯಕೃತ್ತು ಹಳದಿ, ಮೂತ್ರಪಿಂಡಗಳು ನೀಲಿಗಪ್ಪಾಗಿದ್ದವು. ಆಗ ನನ್ನ ಕಣ್ಣು ರೊಪ್ಪದ ಮೂಲೆಯಲ್ಲಿದ್ದ ಡಬ್ಬದ ಮೇಲೆ ಬಿತ್ತು. ಹಸುವಿನ ಖನಿಜ ಮಿಶ್ರಣವನ್ನು ಪ್ರತಿ ಕುರಿಗೂ ದಿನಕ್ಕೊಂದು ಹಿಡಿ, ಬೂಸದಲ್ಲಿ ಕಲಸಿ ಕೊಡುತ್ತಿದ್ದರು. ಕೊಟ್ಟದ್ದು ನಿಲ್ಲಿಸಿದ ಮೇಲೂ ಎರಡು ವಾರದೊಳಗೆ ಮತ್ತೆರಡು ಹೋದವು. ಉಳಿದವಕ್ಕೆ ಮಾಲಿಬ್ಡೇಟ್ ಲವಣ ಕುಡಿಸಿ ಉಳಿಸಿಕೊಂಡೆವು. ಅವರ ತಾಯಿ ಜಗುಲಿಯ ಮೇಲೆ ಕೂತು ಕೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: "ಹಸೀಗೆ ಒಳ್ಳೇದಾಗಿದ್ದು ಕುರೀಗೆ ಹೆಂಗೆ ವಿಷ ಆಯ್ತು ಡಾಕ್ಟ್ರೇ?"

ಉತ್ತರ ಇಷ್ಟು. ಆ ಮಿಶ್ರಣದಲ್ಲಿ ತಾಮ್ರವಿದೆ. ಹಸುವಿಗೆ ಅದು ಬೇಕು, ಹೆಚ್ಚಾದರೆ ದೇಹ ಹೊರಹಾಕುತ್ತದೆ. ಕುರಿಗೂ ತಾಮ್ರ ಬೇಕು, ಆದರೆ ಒಂದು ಕಿಲೋ ಒಣಮೇವಿನಲ್ಲಿ ಹತ್ತು ಮಿಲಿಗ್ರಾಂ ಒಳಗೇ ಸಾಕು. ಹೆಚ್ಚಾದದ್ದನ್ನು ಹೊರಹಾಕುವ ಶಕ್ತಿ ಕುರಿಗೆ ಬಹಳ ಕಡಿಮೆ, ಎಲ್ಲವೂ ಯಕೃತ್ತಿನಲ್ಲಿ ಕೂಡಿಕೊಳ್ಳುತ್ತ ಹೋಗುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಹೊರಗೆ ಏನೂ ಕಾಣುವುದಿಲ್ಲ, ಕುರಿ ಹೊಳೆಯುತ್ತಲೇ ಇರುತ್ತದೆ. ಒಂದು ದಿನ ಮಳೆಯಲ್ಲಿ ನೆನೆದೋ, ದೂರ ನಡೆದೋ, ಲಾರಿಯಲ್ಲಿ ಸಾಗಿಸಿಯೋ ಆಯಾಸವಾದಾಗ ಯಕೃತ್ತು ಆ ತಾಮ್ರವನ್ನು ಒಮ್ಮೆಗೇ ರಕ್ತಕ್ಕೆ ಬಿಡುತ್ತದೆ. ಕೆಂಪು ರಕ್ತಕಣಗಳು ಒಡೆದು, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ.

ಆದ್ದರಿಂದ ಹಸುವಿನ ಖನಿಜ ಮಿಶ್ರಣವನ್ನೂ ಹಸುವಿನ ನೆಕ್ಕುಗಡ್ಡೆಯನ್ನೂ ಕುರಿಯ ಬಾಯಿಗೆ ಸಿಗದಂತೆ ಇಡಿ. ಕುರಿಗೆಂದೇ ತಯಾರಾದ ಮಿಶ್ರಣ ಬೇರೆ ಸಿಗುತ್ತದೆ. ಅದನ್ನೂ ಚೀಲದ ಮೇಲೆ ಬರೆದ ಅಳತೆಯಲ್ಲೇ ಕೊಡಿ. ಹಸುವಿನ ಪಶು ಆಹಾರದ ವಿಷಯವೂ ಇದೇ. ಅದರಲ್ಲಿ ಖನಿಜ ಮಿಶ್ರಣ ಮೊದಲೇ ಸೇರಿರುತ್ತದೆ, ಕೆಲವದರಲ್ಲಿ ಯೂರಿಯಾ ಕೂಡ ಇರುತ್ತದೆ. ಮನೆಯಲ್ಲಿ ಚೀಲ ಇದೆಯೆಂದು ಕುರಿಗೂ ದಿನಾ ಸುರಿಯುವುದು ಬೇಡ.

ಹಾಲಿನ ಬಟವಾಡೆ ಅಲ್ಲ ಇದು

ಹಾಲು ಹಾಕಿದರೆ ಹತ್ತು ಹದಿನೈದು ದಿನಕ್ಕೆ ಬಟವಾಡೆ ಕೈಗೆ ಬರುತ್ತದೆ. ಕುರಿಯ ಲೆಕ್ಕ ಬೇರೆ. ಗಬ್ಬ ಐದು ತಿಂಗಳು, ಅಂದರೆ 147ರಿಂದ 150 ದಿನ. ಮರಿ ಮಾರಾಟಕ್ಕೆ ಬರಲು ಇನ್ನು ಐದಾರು ತಿಂಗಳು. ಹೆಚ್ಚು ಕಡಿಮೆ ಒಂದು ವರ್ಷ ಕಾಸು ಬರುವುದಿಲ್ಲ ಎಂದೇ ಲೆಕ್ಕ ಹಾಕಿ. ಈ ಲೆಕ್ಕ ಹಾಕದವರು ಹೊಸತೊಡಕಿಗೋ ಬಕ್ರೀದಿಗೋ ಒಳ್ಳೆಯ ಬೆಲೆ ಬಂತೆಂದು ಹೆಣ್ಣುಮರಿಗಳನ್ನೂ ಮಾರಿ, ಮೂರನೆಯ ವರ್ಷಕ್ಕೆ ಮುದಿ ಕುರಿಗಳನ್ನು ಇಟ್ಟುಕೊಂಡು ಕೂರುತ್ತಾರೆ. ಮೊದಲ ಸಲ ಸಾಲ ಮಾಡಿ ಐವತ್ತು ಕುರಿ ತರುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ಹೆಣ್ಣು ಕುರಿ, ಒಂದು ಟಗರು ಸಾಕು. ಒಂದು ಟಗರು 20ರಿಂದ 25 ಕುರಿಗಳವರೆಗೆ ನಿಭಾಯಿಸುತ್ತದೆ. ಎರಡು ವರ್ಷಕ್ಕೊಮ್ಮೆ ಟಗರನ್ನು ಬದಲಿಸಿ, ಇಲ್ಲದಿದ್ದರೆ ತಂದೆ-ಮಗಳ ಕೂಡಿಕೆಯಾಗಿ ಮರಿಗಳು ಕುಗ್ಗುತ್ತವೆ.

ತಳಿಯ ವಿಷಯದಲ್ಲಿ ಹೊಸಬರಿಗೆ ಆಸೆ ಹೆಚ್ಚು. ಬನ್ನೂರು ಕುರಿಯ ಮಾಂಸಕ್ಕೆ ಹೆಸರಿದೆ, ಗಿಡ್ಡ ಕಾಲಿನ ದುಂಡು ಮೈಯ ಆ ಕುರಿ ಮಂಡ್ಯ, ಮಳವಳ್ಳಿ ಸೀಮೆಯದು. ಬಳ್ಳಾರಿ ಮತ್ತು ಡೆಕ್ಕನಿ ಕುರಿಗಳು ಬಯಲುಸೀಮೆಯ ಬಿಸಿಲಿಗೂ ದೂರದ ನಡಿಗೆಗೂ ಒಗ್ಗಿದವು, ಅವುಗಳ ಉಣ್ಣೆಯಿಂದಲೇ ನಮ್ಮ ಕಂಬಳಿ. ಮಹಾರಾಷ್ಟ್ರದ ಫಲ್ಟಣದಲ್ಲಿ ಬೆಳೆಸಿದ ನಾರಿ ಸುವರ್ಣ ತಳಿ ಅವಳಿ ಮರಿ ಹಾಕುತ್ತದೆಂದು ಅದಕ್ಕೂ ಬೇಡಿಕೆ ಇದೆ. ಅವಳಿ ಎಂದರೆ ಎರಡು ಮರಿಗೆ ಸಾಲುವಷ್ಟು ಹಾಲೂ ತಾಯಿಯಲ್ಲಿ ಇರಬೇಕು, ಅದಕ್ಕೆ ತಕ್ಕ ಮೇವೂ ಬೇಕು. ಮೊದಲ ಎರಡು ವರ್ಷ ನಿಮ್ಮ ಸುತ್ತಮುತ್ತಲಿನ ಕುರಿಗಾರರು ಸಾಕುವ ಕುರಿಯನ್ನೇ ಸಾಕಿ.

ಕೊಳ್ಳುವುದನ್ನು ಸಂತೆಯಲ್ಲಿ ಕೊಳ್ಳಬೇಡಿ. ಸಂತೆ ಮಾರುವುದಕ್ಕೆ ಒಳ್ಳೆಯ ಜಾಗ. ಹತ್ತು ಊರಿನ ಕುರಿ ಒಂದೆಡೆ ಸೇರಿದಲ್ಲಿ ಹತ್ತು ಊರಿನ ರೋಗವೂ ಸೇರುತ್ತದೆ. ಪರಿಚಯದ ಕುರಿಗಾರರ ಹಟ್ಟಿಗೇ ಹೋಗಿ, ಬೆಳಿಗ್ಗೆ ಕುರಿ ಬಿಡುವ ಹೊತ್ತಿಗೆ ನಿಂತು ನೋಡಿ. ಹಿಂದೆ ಉಳಿಯುವ, ಕುಂಟುವ, ಕೆಮ್ಮುವ, ಬಾಲದ ಬುಡ ಗಲೀಜಾದ ಕುರಿ ಬೇಡ. ಬಾಯಿ ತೆರೆದು ಹಲ್ಲು ನೋಡಿ. ಎರಡು ದೊಡ್ಡ ಹಲ್ಲು ಇದ್ದರೆ ವಯಸ್ಸು ಒಂದು, ಒಂದೂವರೆ ವರ್ಷ, ನಾಲ್ಕಿದ್ದರೆ ಸುಮಾರು ಎರಡು, ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕರ ಹತ್ತಿರ. ಎರಡು ಹಲ್ಲಿನ, ನಾಲ್ಕು ಹಲ್ಲಿನ ಕುರಿ ನಿಮಗೆ ಸರಿ. ಕೆಚ್ಚಲನ್ನು ಮುಟ್ಟಿ ನೋಡಿ. ಇದರಲ್ಲಿ ನೀವೇ ನನಗಿಂತ ಜಾಣರು, ಗಂಟು ಯಾವುದು, ಮೆತ್ತನೆಯದು ಯಾವುದು ಎಂದು ಬೆರಳಿಗೆ ಗೊತ್ತಿರುತ್ತದೆ.

ತಂದ ಕುರಿಯನ್ನು ಮೂರರಿಂದ ನಾಲ್ಕು ವಾರ ಬೇರೆಯೇ ಇಡಬೇಕು. ಇದನ್ನು ಎಲ್ಲರೂ ಕೇಳಿ ತಲೆಯಾಡಿಸುತ್ತಾರೆ, ಮಾಡುವವರು ಕಡಿಮೆ.

ರೊಪ್ಪ ಕೊಟ್ಟಿಗೆಯ ಪಕ್ಕ ಬೇಡ

ಕೊಟ್ಟಿಗೆಯ ಮಗ್ಗುಲಲ್ಲೇ ತಡಿಕೆ ಕಟ್ಟಿ ಕುರಿ ಕೂಡಿದರೆ ಕೆಲಸ ಸುಲಭ, ನಿಜ. ಆದರೆ ಮೂರು ಕಾರಣಕ್ಕೆ ನಾನು ಬೇಡ ಎನ್ನುತ್ತೇನೆ.

ಮೊದಲನೆಯದು ಕೆಸರು. ಹಸು ಒದ್ದೆಯನ್ನು ತಡೆದುಕೊಳ್ಳುತ್ತದೆ, ಕುರಿ ತಡೆದುಕೊಳ್ಳುವುದಿಲ್ಲ. ಗೊರಸು ಕೊಳೆತು ಕುಂಟುತ್ತದೆ, ಮರಿಗಳಿಗೆ ನೆಗಡಿ, ನ್ಯುಮೋನಿಯಾ. ಇನ್ನೊಂದು ಸಂಗತಿ ಇದಕ್ಕೇ ಸೇರಿದ್ದು. ಸೆಗಣಿ ಗಂಜಲ ನಿಂತ ಹಸಿ ಜಾಗದಲ್ಲಿ ಕಣ್ಣಿಗೆ ಕಾಣುವುದೂ ಕಷ್ಟವಾದ ಸಣ್ಣ ನುಸಿಗಳು ಹುಟ್ಟುತ್ತವೆ. ಕುರಿಗೆ ಬರುವ ನೀಲಿ ನಾಲಿಗೆ ರೋಗವನ್ನು ಹರಡುವುದು ಈ ನುಸಿ. ಹಿಂಗಾರು ಮಳೆಯ ನಂತರ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇದರ ಕಾಟ ಹೆಚ್ಚು. ಮುಖ, ತುಟಿ ಊದುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ, ಜ್ವರ ಬಂದು ಕಾಲು ಎಳೆಯುತ್ತದೆ. ಇದೇ ವೈರಾಣು ಹಸುವಿನ ಮೈಯಲ್ಲಿ ಸದ್ದಿಲ್ಲದೆ ಇರಬಲ್ಲದು. ಹೀಗಾಗಿ ಹಸು, ತಿಪ್ಪೆ, ಕುರಿ ಮೂರೂ ಒಟ್ಟಿಗೆ ಇದ್ದರೆ ನುಸಿಗೆ ಬಹಳ ಅನುಕೂಲ.

ಎರಡನೆಯದು ಕಾಲುಬಾಯಿ ಜ್ವರ. ಕುರಿಗೆ ಬಂದರೆ ಎರಡು ದಿನ ಕುಂಟಿ ಸುಧಾರಿಸಿಕೊಳ್ಳಬಹುದು, ನಿಮ್ಮ ಗಮನಕ್ಕೂ ಬಾರದೆ ಹೋಗಬಹುದು. ಅದೇ ಪಕ್ಕದ ಗೂಟದ ಹಸುವಿಗೆ ದಾಟಿದರೆ ಹಾಲು ಹೋಯಿತು.

ಮೂರನೆಯದು ಅಪರೂಪದ್ದು, ಆದರೂ ನಮ್ಮ ರಾಜ್ಯದಲ್ಲಿ ಕಂಡುಬಂದಿದೆ. ಕುರಿಯ ಮೂಗಿನ ಸಿಂಬಳದಲ್ಲಿ ಒಂದು ವೈರಾಣು ಇರುತ್ತದೆ. ಕುರಿಗೆ ಅದರಿಂದ ಏನೂ ಆಗುವುದಿಲ್ಲ. ಹಸುವಿಗೆ ತಗುಲಿದರೆ ಜೋರು ಜ್ವರ, ಮೂಗಿನಲ್ಲಿ ಕೀವು, ಕಣ್ಣುಗುಡ್ಡೆ ಬೆಳ್ಳಗಾಗುವುದು. ಇದಕ್ಕೆ ಲಸಿಕೆಯೂ ಇಲ್ಲ, ನೆಚ್ಚಬಹುದಾದ ಚಿಕಿತ್ಸೆಯೂ ಇಲ್ಲ, ಹಸು ಬದುಕುವುದೇ ಕಡಿಮೆ.

ಆದ್ದರಿಂದ ಎತ್ತರದ, ನೀರು ನಿಲ್ಲದ ಜಾಗದಲ್ಲಿ, ಕೊಟ್ಟಿಗೆಯಿಂದಲೂ ತಿಪ್ಪೆಯಿಂದಲೂ ದೂರವಾಗಿ ರೊಪ್ಪ ಮಾಡಿ. ದೊಡ್ಡ ಕುರಿಗೆ ಹತ್ತು ಚದರಡಿ, ಟಗರಿಗೆ ಇಪ್ಪತ್ತು, ಮರಿಗೆ ನಾಲ್ಕು. ಸಿಮೆಂಟು ನೆಲ ಬೇಕಿಲ್ಲ, ಗಟ್ಟಿಸಿದ ಗರಸು ಮಣ್ಣು ಸಾಕು. ಮೇವಿನ ಗೋದಲಿ, ನೀರಿನ ತೊಟ್ಟಿ ಕುರಿಗೆ ಬೇರೆ. ನಾಯಿ, ಚಿರತೆಯ ಭಯ ಇರುವ ಕಡೆ ಬೇಲಿ ಗಟ್ಟಿಯಾಗಿರಲಿ. ನಮ್ಮ ಬೆಟ್ಟದ ಸಾಲಿನ ಹಳ್ಳಿಗಳಲ್ಲಿ ಮೇಲೆ ಬಲೆಯೂ ಬೇಕಾಗುತ್ತದೆ.

ಮೇವು

ರಾಗಿ ಹುಲ್ಲನ್ನು ಹಸು ತಿಂದಂತೆ ಕುರಿ ತಿನ್ನುವುದಿಲ್ಲ, ಆರಿಸಿ ತಿಂದು ಅರ್ಧ ತುಳಿಯುತ್ತದೆ. ಅದಕ್ಕೆ ಎಲೆ, ಬಳ್ಳಿ, ಹೊಟ್ಟು ಇಷ್ಟ. ಕಡಲೆಕಾಯಿ ಬಳ್ಳಿ, ಹುರುಳಿ ಹೊಟ್ಟು, ತೊಗರಿ ಹೊಟ್ಟು, ಜಾಲಿಕಾಯಿ, ಬದುವಿನ ಮೇಲೆ ಬೆಳೆದ ಅಗಸೆ, ಸುಬಾಬುಲ್, ಗ್ಲಿರಿಸಿಡಿಯಾ ಸೊಪ್ಪು ಇದ್ದರೆ ಅರ್ಧ ಖರ್ಚು ಉಳಿಯಿತು. ನಿಮ್ಮ ಸೀಮೆಹುಲ್ಲನ್ನು ಸಣ್ಣಗೆ ಕತ್ತರಿಸಿ ಕೊಡಬಹುದು. ಮೇಯಲು ಬಿಡುವ ಕುರಿಗೆ ವರ್ಷವಿಡೀ ತಿಂಡಿ ಕೊಡಬೇಕಾಗಿಲ್ಲ. ಟಗರು ಬಿಡುವ ಮೊದಲಿನ ಎರಡು ಮೂರು ವಾರ, ಮತ್ತು ಗಬ್ಬದ ಕೊನೆಯ ಆರು ವಾರ, ಈ ಎರಡು ಸಮಯದಲ್ಲಿ ದಿನಕ್ಕೆ 200ರಿಂದ 250 ಗ್ರಾಂ ಹಿಂಡಿ, ಕಾಳು ಕಲಸಿದ ತಿಂಡಿ ಕೊಡಿ. ಹೊಟ್ಟೆಯೊಳಗಿನ ಮರಿಯ ತೂಕದಲ್ಲಿ ಮೂರನೇ ಎರಡು ಭಾಗ ಬೆಳೆಯುವುದು ಆ ಕೊನೆಯ ಆರು ವಾರದಲ್ಲೇ. ಜೂನ್, ಜುಲೈನಲ್ಲಿ ಟಗರು ಬಿಟ್ಟರೆ ನವೆಂಬರ್, ಡಿಸೆಂಬರ್‌ನಲ್ಲಿ ಈಯುತ್ತವೆ. ರಾಗಿ, ಕಡಲೆಕಾಯಿ ಒಕ್ಕಣೆಯ ಮೇವು ಆಗ ಕೈಯಲ್ಲಿರುತ್ತದೆ.

ಒಂದು ಎಚ್ಚರಿಕೆ. ರಾಗಿ, ಮುಸುಕಿನ ಜೋಳದ ಚೀಲಕ್ಕೆ ಬಾಯಿ ಹಾಕಿದ ಕುರಿ, ಮದುವೆ ಮನೆಯ ಉಳಿದ ಅನ್ನ ತಿಂದ ಕುರಿ ಒಂದೇ ದಿನದಲ್ಲಿ ಹೊಟ್ಟೆ ಹುಳಿಯಾಗಿ ಸಾಯಬಹುದು. ಅನ್ನ ಚೆಲ್ಲುವುದು ಪಾಪ ಎಂದು ಕುರಿಗೆ ಹಾಕುವವರು ಬಹಳ ಜನ. ದಯವಿಟ್ಟು ಹಾಕಬೇಡಿ.

ಇಬ್ಬನಿ ಮತ್ತು ಕೆರೆಯಂಗಳ

ಹಳೆಯ ಕುರಿಗಾರರು ಇಬ್ಬನಿ ಆರುವವರೆಗೆ ರೊಪ್ಪದ ತಡಿಕೆ ತೆಗೆಯುವುದಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ನಾನು ಇದನ್ನು ಸೋಮಾರಿತನ ಅಂದುಕೊಂಡಿದ್ದೆ. ಕಾರಣ ಇದೆ. ಹಿಕ್ಕೆಯಿಂದ ಹೊರಬಂದ ಹುಳುವಿನ ಮರಿಗಳು ಹುಲ್ಲಿನ ತೇವದಲ್ಲಿ ಮೇಲಕ್ಕೆ ಹತ್ತುತ್ತವೆ, ಬಿಸಿಲೇರಿದಾಗ ಕೆಳಗೆ ಇಳಿಯುತ್ತವೆ. ಇವುಗಳಲ್ಲಿ ಕುರಿಯ ನಾಲ್ಕನೆಯ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ಒಂದು ಜಾತಿಯೇ ಹೊಸಬರ ದೊಡ್ಡ ಶತ್ರು. ಒಂದು ಹುಳು ದಿನಕ್ಕೆ ಹೀರುವುದು 0.05 ಮಿಲಿಲೀಟರ್ ಅಷ್ಟೆ. ಸಾವಿರ ಹುಳು ಸೇರಿದರೆ 50 ಮಿಲಿಲೀಟರ್. ಇಪ್ಪತ್ತೈದು ಕಿಲೋ ಕುರಿಯ ಮೈಯಲ್ಲಿರುವ ಒಟ್ಟು ರಕ್ತ ಎರಡು ಲೀಟರ್ ಕೂಡ ಇಲ್ಲ. ಲೆಕ್ಕ ನೀವೇ ಮಾಡಿ.

ಬೇಸಿಗೆಗೆ ಕೆರೆಯ ನೀರು ಇಳಿದಾಗ ಅಂಚಿನಲ್ಲಿ ಹಸಿರು ಚಿಗುರುತ್ತದೆ. ಸುತ್ತೆಲ್ಲ ಒಣಗಿರುವಾಗ ಅದು ಕಣ್ಣಿಗೆ ಬಲು ಚೆಂದ. ಆ ಹುಲ್ಲಿಗೆ ಬಸವನಹುಳುವಿನಿಂದ ಬಂದ ಯಕೃತ್ತಿನ ಹುಳು, ಹೊಟ್ಟೆಯ ಚಪ್ಪಟೆ ಹುಳುಗಳ ಮರಿ ಅಂಟಿರುತ್ತವೆ. ಹಸು ಅಲ್ಲಿ ಮೇಯ್ದು ಸೊರಗಬಹುದು, ಕುರಿ ಮಂದೆಯಾಗಿ ಸಾಯುತ್ತದೆ.

ಹುಳುವಿದೆಯೆಂದು ತಿಳಿಯುವುದು ಸುಲಭ. ಕಣ್ಣಿನ ಕೆಳರೆಪ್ಪೆ ಎಳೆದು ಒಳಗೆ ನೋಡಿ. ಕೆಂಪಗಿದ್ದರೆ ಕ್ಷೇಮ, ತೆಳು ಗುಲಾಬಿಯಾದರೆ ಎಚ್ಚರ, ಬಿಳುಪಾದರೆ ಅಂದೇ ಔಷಧಿ. ಗದ್ದದ ಕೆಳಗೆ ಸಂಜೆ ಹೊತ್ತಿಗೆ ನೀರು ತುಂಬಿದ ಚೀಲದಂತೆ ಊತ ಕಂಡರೂ ತಡಮಾಡಬೇಡಿ. ಹಾಗೆಂದು ತಿಂಗಳಿಗೊಮ್ಮೆ ಅಂಗಡಿಯಿಂದ ತಂದ ಒಂದೇ ಔಷಧಿ ಕುಡಿಸುತ್ತ ಹೋದರೆ ಹುಳು ಅದಕ್ಕೆ ಪಳಗುತ್ತದೆ. ಮಳೆಗಾಲದ ಮೊದಲೊಮ್ಮೆ, ನಂತರವೊಮ್ಮೆ, ನಡುವೆ ಹಿಕ್ಕೆ ಪರೀಕ್ಷೆ ಮಾಡಿಸಿದ ಮೇಲೆ. ಅಳತೆಯನ್ನು ಅಂದಾಜು ಮಾಡದೆ ತೂಗಿ ಕೊಡಿ. ಕುಡಿಸುವಾಗ ಹಸುವಿಗೆ ಮಾಡಿದಂತೆ ತಲೆ ಮೇಲಕ್ಕೆತ್ತಬೇಡಿ, ಮೂಗು ಕಣ್ಣಿನ ಮಟ್ಟ ದಾಟಿದರೆ ಔಷಧಿ ಶ್ವಾಸಕೋಶಕ್ಕೆ ಹೋಗುತ್ತದೆ.

ಮರಿ ಮತ್ತು ಗಿಣ್ಣು

ಇಲ್ಲಿ ಹಾಲು ಉತ್ಪಾದಕರಿಗೆ ಒಂದು ಅನುಕೂಲವಿದೆ. ಹುಟ್ಟಿದ ಮರಿ ಒಂದು ಗಂಟೆಯೊಳಗೆ ಗಿಣ್ಣಿನ ಹಾಲು ಕುಡಿಯಬೇಕು, ರೋಗ ತಡೆಯುವ ಶಕ್ತಿ ಅದಕ್ಕೆ ಬರುವುದು ಅದರಿಂದಲೇ. ತಾಯಿ ಸತ್ತರೆ, ಕೆಚ್ಚಲು ಬತ್ತಿದರೆ, ಅವಳಿಯಲ್ಲಿ ಒಂದನ್ನು ತಾಯಿ ಒದ್ದರೆ ಬೇರೆಯವರು ಕೈಚೆಲ್ಲಬೇಕು. ನಿಮ್ಮಲ್ಲಿ ಹಸುವಿನ ಗಿಣ್ಣಿನ ಹಾಲು ಇರುತ್ತದೆ. ಮೊದಲ ದಿನದ ಹಾಲನ್ನು ನೆಂಟರಿಗೆ ಹಂಚಿ ಗಿಣ್ಣು ಮಾಡುವ ಮುಂಚೆ ಒಂದು ಲೀಟರ್ ತೆಗೆದು, ಫ್ರಿಜ್ಜಿನ ಐಸ್ ಆಗುವ ಭಾಗದಲ್ಲಿ ಸಣ್ಣ ಸಣ್ಣ ಬಾಟಲಿಗಳಲ್ಲಿ ಇಡಿ. ಬೇಕಾದಾಗ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ. ಒಲೆಯ ಮೇಲಿಡಬೇಡಿ, ಗಿಣ್ಣಾಗುತ್ತದೆ. ಎರಡೂವರೆ ಕಿಲೋ ಮರಿಗೆ ಒಂದು ಸಲಕ್ಕೆ 125 ಮಿಲಿಲೀಟರ್, ಮೊದಲ ದಿನ ನಾಲ್ಕು ಸಲ, ಉಗುರು ಬೆಚ್ಚಗೆ. ಆ ಮೇಲೆ ಹಸುವಿನ ಹಾಲಿನಲ್ಲೇ ಬೆಳೆಸಬಹುದು, ಸ್ವಲ್ಪ ಸ್ವಲ್ಪ, ಸಲಸಲಕ್ಕೆ. ಕುರಿಯ ಹಾಲಿನಲ್ಲಿ ಜಿಡ್ಡು ಹೆಚ್ಚು, ಆದ್ದರಿಂದ ನೀರು ಬೆರೆಸುವ ಪ್ರಶ್ನೆಯೇ ಇಲ್ಲ.

ಹೊಕ್ಕಳಿಗೆ ಟಿಂಚರ್ ಅಯೋಡಿನ್ ಹಚ್ಚುವುದು ಕರುವಿಗೆ ಮಾಡಿದಂತೆಯೇ.

ಲಸಿಕೆ

ಪಿ.ಪಿ.ಆರ್. ಎಂಬ ರೋಗವನ್ನು ಹಿರಿಯ ಸದಸ್ಯರಿಗೆ ಹೇಗೆ ತಿಳಿಸುವುದೆಂದರೆ, ದನಗಳಿಗೆ ಬರುತ್ತಿದ್ದ ದೊಡ್ಡರೋಗದ ತಮ್ಮ. ಆ ದೊಡ್ಡರೋಗ ಲಸಿಕೆಯಿಂದಲೇ ನಿರ್ಮೂಲವಾಗಿ, 2011ರಲ್ಲಿ ಲೋಕವೇ ಅದರಿಂದ ಮುಕ್ತವೆಂದು ಸಾರಲಾಯಿತು. ಪಿ.ಪಿ.ಆರ್. ನಮ್ಮ ದೇಶದಲ್ಲಿ ಮೊದಲು ಕಂಡದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಬಾಯಿ ಹುಣ್ಣು, ಸಿಂಬಳ, ಭೇದಿ, ಕೊನೆಗೆ ನ್ಯುಮೋನಿಯಾ. ಮರಿಗೆ ಮೂರು ನಾಲ್ಕು ತಿಂಗಳಾದಾಗ ಹಾಕಿಸಿದ ಒಂದು ಲಸಿಕೆ ಮೂರು ವರ್ಷ ಕಾಯುತ್ತದೆ.

ಕರುಳು ಬೇನೆಯ ಲಸಿಕೆಯನ್ನು ಮುಂಗಾರಿಗೆ ಮುಂಚೆ, ಮೇ ತಿಂಗಳಲ್ಲಿ, ಪ್ರತಿ ವರ್ಷ ಹಾಕಿಸಬೇಕು. ಮೊದಲ ವರ್ಷ ಎರಡು ಮೂರು ವಾರ ಬಿಟ್ಟು ಇನ್ನೊಮ್ಮೆ. ಮೊದಲ ಮಳೆಯ ಎಳೆ ಹುಲ್ಲು ಹೊಟ್ಟೆ ತುಂಬ ಮೇಯ್ದ, ಮಂದೆಯಲ್ಲೇ ಚೆನ್ನಾಗಿರುವ ಮರಿ ಬೆಳಿಗ್ಗೆ ಸತ್ತು ಬಿದ್ದಿದ್ದರೆ ಬಹುಮಟ್ಟಿಗೆ ಇದೇ ರೋಗ. "ಕಣ್ಣು ಬಿತ್ತು" ಎಂದು ಇಳಿ ತೆಗೆಯುವುದನ್ನು ನಾನು ನೋಡಿದ್ದೇನೆ. ಇಳಿ ತೆಗೆಯಿರಿ, ಉಳಿದ ಮರಿಗಳಿಗೆ ಲಸಿಕೆಯನ್ನೂ ಹಾಕಿಸಿ. ಕುರಿ ಸಿಡುಬು, ಗಳಲೆ ರೋಗ, ನೀಲಿ ನಾಲಿಗೆ ರೋಗಗಳ ಲಸಿಕೆ ನಿಮ್ಮ ಊರಿಗೆ ಯಾವಾಗ ಬೇಕೆಂದು ಹತ್ತಿರದ ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಪಕ್ಕದ ಕುರಿಗಾರರ ಜೊತೆಗೇ ಹಾಕಿಸಿಕೊಳ್ಳಿ. ನಿಮ್ಮ ಹತ್ತು ಕುರಿಗೆ ಮಾತ್ರ ಒಂದು ಲಸಿಕೆ ಬಾಟಲಿ ಒಡೆಯುವುದು ದಂಡ.

ಹಿಕ್ಕೆ ಪರೀಕ್ಷೆಗೆ ತರುವವರು ನೆಲದ ಮೇಲೆ ಬಿದ್ದು ಒಣಗಿದ್ದನ್ನು ತರಬೇಡಿ. ಬೆಳಿಗ್ಗೆ ಐದಾರು ಕುರಿಗಳು ಆಗಷ್ಟೇ ಹಾಕಿದ ಹಿಕ್ಕೆಯನ್ನು ಸ್ವಚ್ಛ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಅದೇ ದಿನ ತನ್ನಿ.